ಬೇಡದ ಒತ್ತು

ಗುಂಡಿ ಒತ್ತಿದರೆ ಫ್ಯಾನು ಒಂದೇ ಸುತ್ತು ತಿರುಗಿ,
ಯಾರೋ ಕರೆದರು ಅಂದುಕೊಂಡು ಎದ್ದು
ಯಾರೂ ಕರೆದಿಲ್ಲವೆಂದು ಗೊತ್ತಾದವರ ಹಾಗೆ
ನಿಂತುಬಿಡುತ್ತದೆ.

ಸಂಜೆಯಿಂದ ಇದೇ ಆಯಿತು.
ಹಳೆಯ ಬೋರ್ಡು ಹೋದ ಮಂಗಳವಾರ ಸತ್ತಿತು,
ಕೆಪಾಸಿಟರುಗಳ ನೆತ್ತಿ
ಎಣ್ಣೆಗೆ ಬಿಟ್ಟ ಮಿರ್ಚಿಯ ಹಾಗೆ ಉಬ್ಬಿ.
ಹೊಸದು ಅಂದರೆ ಹೊಸದೇನಲ್ಲ,
ಯಾವುದೋ ಬ್ಯಾಂಕು ಬಿಸಾಕಿದ್ದು,
ಅಶೋಕ ರಸ್ತೆಯಲ್ಲಿ ಎರಡು ಸಾವಿರದ ಮುನ್ನೂರು.
ಗ್ಯಾರಂಟಿ, ಅಂಗಡಿಯ ಮೆಟ್ಟಿಲು ಇಳಿಯುವ ತನಕ.

ಡಿಸ್ಕಿನೊಳಗೆ ಕುಂದುವಾಡದ ಹಾಲಪ್ಪನ ಮಗಳ ಮದುವೆ ಇದೆ.
ಲಗ್ನಪತ್ರಿಕೆಯಲ್ಲಿ ಅಜ್ಜಿ ಬಸಮ್ಮ
ನನ್ನ ಬೆರಳು ಜಾರಿ ಬಸ್ಸಮ್ಮ ಆಗಿದ್ದಾಳೆ.
ಒಂದು ಒತ್ತು ತೆಗೆದರೆ ಮುಗಿಯಿತು, ಅರೆ ನಿಮಿಷದ ಕೆಲಸ.
ಆ ಅರೆ ನಿಮಿಷಕ್ಕೇ ಬೀಗ ಬಿದ್ದಿದೆ.
"ಜಬೀನಕ್ಕ, ನಮ್ಮವ್ವ ಹಾರನ್ ಹೊಡ್ಕಂತ ಕುಂತಾಳೆ,
ಬೆಳಿಗ್ಗೆ ಪ್ರೆಸ್ಸಿಗೆ ಕೊಡ್ತಿಯೋ ಇಲ್ಲೋ?"
ಮೂರನೇ ಸಲ ಫೋನು.

ಬಿಚ್ಚಿದೆ.
ರ‍್ಯಾಮು ಒಂದನ್ನೇ ಉಳಿಸಿ ಆ ಸಂದಿಗೆ, ಈ ಸಂದಿಗೆ.
ಅದರ ಚಿನ್ನದ ಹಲ್ಲುಗಳನ್ನು ರಬ್ಬರಿನಿಂದ ಉಜ್ಜಿದೆ,
ಮಗಳ ಶಾಲೆಯ ರಬ್ಬರು, ಸೀಬೆಹಣ್ಣಿನ ವಾಸನೆಯದು.
ನಾಣ್ಯದಂಥ ಸೆಲ್ಲು ಕಿತ್ತು
ಹತ್ತು ನಿಮಿಷ ಅಂಗೈಯಲ್ಲಿಟ್ಟುಕೊಂಡು ಕೂತೆ,
ಬೋರ್ಡಿಗೆ ಬ್ಯಾಂಕಿನ ನೆನಪೆಲ್ಲ ಹೋಗಲಿ ಎಂದು.
ಫ್ಯಾನು: ಒಂದು ಸುತ್ತು.
ಬೀಪ್ ಎಂದಿದ್ದರೆ ಬೈದ ಹಾಗಾದರೂ ಆಗುತ್ತಿತ್ತು.
ಇದಕ್ಕೆ ಬಾಯಿಯೇ ಇಲ್ಲ. ಕಟ್ಟುವಾಗ ನಾನೇ
ಮೂವತ್ತು ರೂಪಾಯಿಯ ಸ್ಪೀಕರು ಬೇಡವೆಂದಿದ್ದೆ.

ಅಮ್ಮಿ ಎದ್ದು ಬಂದಳು.
ದಾವಣಗೆರೆಯ ಸಂಜೆಗಳಿಗೆಲ್ಲ
ಮೂವತ್ತು ವರ್ಷ ಮಂಡಕ್ಕಿ ಜರಡಿ ಹಿಡಿದವಳು,
ಮೌಸು ಮುಟ್ಟಿದವಳಲ್ಲ.
ಕ್ಯಾಬಿನೆಟ್ಟಿನ ಮೂಲೆಯಲ್ಲಿ ಬೆರಳಾಡಿಸಿ ಮಸಿ ನೋಡಿದಳು:
"ಇದು ನಮ್ಮ ಭಟ್ಟಿದೇ."
ಭಟ್ಟಿ ಮುಚ್ಚಿ ಎರಡು ವರ್ಷ,
ಟೈರು ಉರಿಸಿದ ಹೊಗೆ ಇನ್ನೂ ಇಲ್ಲಿ
ಬಾಡಿಗೆ ಕೊಡದೆ ಕೂತಿದೆ.
"ಹಲ್ಲಿಗೆ ಮರಳು ಸಿಕ್ಕರೆ ಅಕ್ಕಿಗೆ ಯಾಕೆ ಬೈತಿ?
ಎಲ್ಲ ಹೊರಗೆ ಸುರುವು. ಮತ್ತೆ ಜರಡಿ ಹಿಡಿ."

ಸುರುವಿದೆ.
ಮಿಕ್ಸಿ ಬಂದ ರಟ್ಟಿನ ಡಬ್ಬದ ಮೇಲೆ ಬೋರ್ಡು ಮಲಗಿಸಿ
ಎರಡು ಪಿನ್ನಿಗೆ ಸ್ಕ್ರೂಡ್ರೈವರಿನ ತುದಿ ಮುಟ್ಟಿಸಿದೆ.
ತಿರುಗಿತು.
ತಿರುಗುತ್ತಲೇ ಇತ್ತು.
ಪರದೆಯಲ್ಲಿ ಕಂಪನಿಯ ಹೆಸರು ನೀಲಿಯಾಗಿ ಎದ್ದಿತು.
ರಟ್ಟಿನ ಮೇಲೆ ಬದುಕುತ್ತದೆ, ಮನೆಯೊಳಗಿಟ್ಟರೆ ಸಾಯುತ್ತದೆ.
ಇಂಥವರನ್ನು ನೋಡಿದ್ದೇನೆ. ಹೆಸರು ಹೇಳಲಾರೆ.

ಖಾಲಿ ಕ್ಯಾಬಿನೆಟ್ಟಿಗೆ ಟಾರ್ಚು ಬಿಟ್ಟೆ.
ತಗಡಿನ ಮೇಲೆ ಒಂಬತ್ತು ಹಿತ್ತಾಳೆ ಗೂಟ.
ಹೊಸ ಬೋರ್ಡಿಗೆ ತೂತು ಎಂಟೇ.
ಒಂಬತ್ತನೆಯದು
ಹಳೆಯದನ್ನು ಹನ್ನೊಂದು ವರ್ಷ ಎತ್ತಿ ಹಿಡಿದದ್ದು,
ಹೊಸದರ ಬೆನ್ನಿಗೆ ಚುಚ್ಚಿಕೊಂಡು ನಿಂತಿತ್ತು.
ನಾನೇ ತಿರುಪಿದ್ದೆ ಅದನ್ನು, ಈ ಕೈಯಾರೆ.
ಸಾಲಿನ ಕೆಳಗೆ, ಯಾರೂ ಓದದ ಜಾಗದಲ್ಲಿ
ಒಂದು ಒತ್ತು.

ಇಕ್ಕಳದಲ್ಲಿ ಹಿಡಿದು ತಿರುಗಿಸಿದೆ. ಬರಲಿಲ್ಲ.
ಬಂತು.
ಅಮ್ಮಿ ಅದನ್ನು ಎಲೆಅಡಿಕೆ ಸಂಚಿಗೆ ಹಾಕಿಕೊಂಡಳು,
ಯಾಕೆಂದು ನಾನು ಕೇಳಲಿಲ್ಲ.

ಈಗ ರಾತ್ರಿ ಒಂದೂವರೆ.
ಯಂತ್ರದ ಪ್ರಕಾರ ೨೦೧೨, ಜನವರಿ ಒಂದು;
ಪಕ್ಕದ ಭಟ್ಟಿಯಲ್ಲಿ ಇನ್ನೂ ಬೆಂಕಿ.
ಕೆಳಗೊಂದು ಸೂಚನೆ: ಈ ಯಂತ್ರದ ಪರಿಚಯ ನಮಗಿಲ್ಲ,
ಇದು ನಿಮ್ಮದೇ ಎಂದು ರುಜುವಾತು ಮಾಡಿ.
ನಾಳೆ ಮಾಡುತ್ತೇನೆ.
ಬಸ್ಸಮ್ಮನ ಪಕ್ಕ ಕರ್ಸರು ಇಟ್ಟು
ಅಳಿಸಿದೆ. ಮುದುಕಿ ಬಸ್ಸಿನಿಂದ ಇಳಿದಳು.

ದೂರದಲ್ಲಿ ಗೂಡ್ಸು ಗಾಡಿ ಗೇಟು ದಾಟುತ್ತಿತ್ತು.
ಅದರ ಸದ್ದು ಯಾವುದು, ಫ್ಯಾನಿನದು ಯಾವುದು
ಬಿಡಿಸಿಕೊಳ್ಳಲಾಗದೆ, ಗಾಡಿ ಪೂರ್ತಿ ಹೋಗುವ ತನಕ
ಉಸಿರು ಹಿಡಿದು ಕೂತಿದ್ದೆ.